ಗೆರೆ ಮೂಡದ ಕೂಸು

ಹನ್ನೊಂದು ವರ್ಷ ನಾನು ಊರಿನವರ ಎಡಗೈ ನೋಡುವ ಕೆಲಸ ಮಾಡಿದೆ. ಬೆಳಿಗ್ಗೆ ಶಾಲೆಯ ಗೇಟಿನಲ್ಲಿ, ಆಮೇಲೆ ಸ್ಲೇಟು ಕಾರ್ಖಾನೆಯ ಬಾಗಿಲಲ್ಲಿ, ಊಟವಾದ ಮೇಲೆ ದವಾಖಾನೆಯ ಮುಂದಿನ ಕಟ್ಟೆಯಲ್ಲಿ. ಜನ ಸಾಲಾಗಿ ಬಂದು ಕೈ ಚಾಚುತ್ತಿದ್ದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಮ್ಮೆ ಕಣ್ಣು ಹಾಯಿಸಿ ಹೋಗಿರಿ ಎನ್ನುತ್ತಿದ್ದೆ, ಇಲ್ಲವೇ ನಿಲ್ಲಿರಿ ಎನ್ನುತ್ತಿದ್ದೆ. ನಮ್ಮೂರಿನಲ್ಲಿ ಹುಟ್ಟಿದವರ ಮೈಯಲ್ಲಿ ರೋಗ ಹೊಕ್ಕರೆ ಅರ್ಧ ದಿನದೊಳಗೆ ಎಡ ಮುಂಗೈಯ ಒಳಭಾಗದಲ್ಲಿ ನೀಲಿ ಗೆರೆಯೊಂದು ಮೂಡುತ್ತದೆ. ನೆಗಡಿಗಾದರೆ ದಾರದ ಎಳೆಯಷ್ಟು, ವಿಷಮಜ್ವರಕ್ಕಾದರೆ ಬೆರಳಗಲ. ವಾಸಿಯಾದ ದಿನ ತಾನೇ ಅಳಿಸಿಹೋಗುತ್ತದೆ. ನನ್ನ ಅಜ್ಜಿಯ ಅಜ್ಜಿಗೂ ಹಾಗೇ ಮೂಡುತ್ತಿತ್ತಂತೆ.

ಅದಕ್ಕೇ ನಮ್ಮ ದರ್ಜಿಗಳು ಎಡತೋಳನ್ನು ಮೊಣಕೈಗೆ ನಿಲ್ಲಿಸುತ್ತಾರೆ. ಮದುಮಗಳು ಬಲಗೈಗೆ ಮಾತ್ರ ಬಳೆ ತೊಡುತ್ತಾಳೆ. ದಾರಿಯಲ್ಲಿ ಸಿಕ್ಕವರು ಆರಾಮಾ ಎಂದು ಕೇಳುವುದಿಲ್ಲ, "ಕೈ ಹ್ಯಾಂಗೈತಿ?" ಎಂದು ಕೇಳುತ್ತಾರೆ. ಶಾಲೆ ತಪ್ಪಿಸಬೇಕೆನ್ನುವ ಹುಡುಗರು ಮಸಿಯಲ್ಲಿ ಗೆರೆ ಎಳೆದುಕೊಂಡು ಬರುವುದುಂಟು, ಕಾರ್ಖಾನೆಯ ದೊಡ್ಡವರೂ ಉಂಟು. ಅವರಿಗಾಗಿ ನನ್ನ ಚೀಲದಲ್ಲಿ ಯಾವಾಗಲೂ ಒಂದು ಒದ್ದೆ ಬಟ್ಟೆ ಇರುತ್ತಿತ್ತು.

ದವಾಖಾನೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಗೆರೆ ಇದ್ದವರಿಗೆ ಮಾತ್ರ ಔಷಧ, ರಜೆ, ಹಾಸಿಗೆ. ಈ ನಿಯಮವನ್ನು ಕೆಟ್ಟದ್ದೆಂದು ನಾನು ಹೇಳಲಾರೆ. ನಾನು ಕೆಲಸಕ್ಕೆ ಸೇರಿದ ವರ್ಷ ಗಂಟಲಮಾರಿ ಬಂದಾಗ ಸುತ್ತಲಿನ ಊರುಗಳಲ್ಲಿ ಮಕ್ಕಳು ಸಾಲುಸಾಲಾಗಿ ಸತ್ತರು. ನಮ್ಮಲ್ಲಿ ಅದು ಮೂರು ಮನೆಗೆ ನಿಂತಿತು, ಯಾಕೆಂದರೆ ಮೊದಲ ದಿನವೇ ಗೆರೆ ಕಂಡಿತ್ತು, ಮೊದಲ ದಿನವೇ ಬಾಗಿಲು ಹಾಕಿಸಿದ್ದೆವು. ನಾನು ಆ ಗೆರೆಯನ್ನು ನಂಬಿದ್ದೆ. ನನ್ನ ಕಣ್ಣನ್ನೂ ನಂಬಿದ್ದೆ.

ಹೊನ್ನೂರವ್ವ ಕಾರ್ಖಾನೆಯಲ್ಲಿ ಸ್ಲೇಟಿನ ಚೌಕಟ್ಟಿಗೆ ತೂತು ಕೊರೆಯುತ್ತಿದ್ದಳು. ಗಂಡ ಕರಿಸಿದ್ದ ಅವಳ ಸ್ವಂತ ಸೋದರಮಾವ, ಗಣಿಯಲ್ಲಿ ಕಲ್ಲು ಸೀಳುವವನು. ಅವರಿಗೆ ಹಂಪವ್ವ ಎಂಬ ಐದು ವರ್ಷದ ಮಗಳಿದ್ದಳು. ಆಮೇಲೆ ಸೋಮಲಿಂಗ ಹುಟ್ಟಿದ. ಹುಟ್ಟಿ ಎಂಟು ತಿಂಗಳಾದರೂ ಅವನ ಕೈಯಲ್ಲಿ ಒಂದು ಸಲವೂ ಗೆರೆ ಮೂಡಲಿಲ್ಲ. ಇಂಥ ಮಗುವನ್ನು ಊರು ಕಂಡಿರಲಿಲ್ಲ. ಅನ್ನಪ್ರಾಶನಕ್ಕೆ ಬಂದ ಹೆಂಗಸರು ಅವನ ಎಡಗೈಯನ್ನು ತಮ್ಮ ಮಕ್ಕಳ ಕೈಗೆ ತಾಗಿಸಿಕೊಂಡು ಹೋದರು. "ಪುಣ್ಯವಂತ ಕೂಸು," ಎಂದು ನಾನೂ ಅಂದೆ.

ಒಂಬತ್ತನೆಯ ತಿಂಗಳಲ್ಲಿ ಹೊನ್ನೂರವ್ವ ಅವನನ್ನೆತ್ತಿಕೊಂಡು ದವಾಖಾನೆಯ ಕಟ್ಟೆಗೆ ಬಂದಳು. ಭೇದಿ ನಿಲ್ಲುತ್ತಿಲ್ಲ, ಬಾಯಿ ತುಂಬ ಬಿಳಿ ಹುಣ್ಣು ಎಂದಳು. ನಾನು ಕೈ ನೋಡಿದೆ. ಗೆರೆ ಇರಲಿಲ್ಲ. ಹಲ್ಲು ಬರುತ್ತಿರಬೇಕು ಎಂದು ಹೇಳಿ ಕಳಿಸಿದೆ. ಹದಿನೈದು ದಿನಕ್ಕೆ ಮತ್ತೆ ಬಂದಳು. ಕೆಮ್ಮು ಎಂದಳು. ಮತ್ತೆ ಕೈ ನೋಡಿದೆ. ನಾಲ್ಕನೆಯ ಸಲ ಬರುವ ಹೊತ್ತಿಗೆ ಮಗುವಿನ ತೊಡೆಯ ಚರ್ಮ ಜೋತುಬಿದ್ದಿತ್ತು. ಕೂಸಿಗೆ ಹಾಲು ಕುಡಿಸುವುದಿಲ್ಲ, ಕೆಲಸ ತಪ್ಪಿಸಲು ರೋಗದ ನೆಪ ಹೇಳುತ್ತಾಳೆ ಎಂದು ಕಾರ್ಖಾನೆಯಲ್ಲಿ ಮಾತು ಹುಟ್ಟಿತ್ತು. ಆ ಮಾತು ನನ್ನ ಕಿವಿಗೂ ಬಿದ್ದಿತ್ತು.

ಐದನೆಯ ಸಲ ಅವಳು ಬಂದದ್ದು ಒಂದು ಗುರುವಾರ. ಸಾಲಿನಲ್ಲಿ ಇಪ್ಪತ್ತು ಜನರಿದ್ದರು.

"ಅಕ್ಕಾ, ಕೂಸಿನ ಮೈ ಕಾದ ಹಂಚಾಗೈತಿ," ಎಂದಳು.

"ಗೆರಿ ಇಲ್ಲಲ್ಲವ್ವ."

"ಗೆರಿ ಬ್ಯಾಡ, ಮೈ ಮುಟ್ಟಿ ನೋಡು. ನಿಂಗ ಕೈ ಮುಗಿತೀನಿ."

ನಾನು ಸೋಮಲಿಂಗನ ಕೈಯನ್ನು ಹಿಡಿದುಕೊಂಡೇ ಇದ್ದೆ. ಬೆಳಕಿಗೆ ಹಿಡಿದು ಗೆರೆ ಹುಡುಕುವಾಗ ಬೆರಳು ಮಗುವಿನ ಮಣಿಕಟ್ಟನ್ನು ಸುತ್ತಿರುತ್ತದೆ. ಆ ಮಣಿಕಟ್ಟು ಸುಡುತ್ತಿತ್ತು. ನನಗೆ ತಿಳಿಯಿತು. ತಿಳಿಯಿತು ಎಂಬುದರಲ್ಲಿ ಸಂಶಯವಿಲ್ಲ. ಹಿಂದಿದ್ದ ಗಂಡಸೊಬ್ಬ ಬೇಗ ಮಾಡ್ರಿ ಎಂದ. ನಾನು ಮಗುವಿನ ಕೈ ಬಿಟ್ಟೆ. "ಬಿಸಲಾಗ ಎತ್ತಿಕೊಂಡು ಬಂದೀಯಲ್ಲ, ಅದಕ್ಕ ಬಿಸಿ ಆಗೈತಿ," ಎಂದೆ. ಪುಸ್ತಕದಲ್ಲಿ ಗೆರೆ ಇಲ್ಲ ಎಂದು ಬರೆದೆ.

ಭಾನುವಾರ ಮಗು ತೀರಿಕೊಂಡಿತು. ಮಣ್ಣಿಗಿಡುವ ಮುಂಚೆ ಹಿರಿಯರೊಬ್ಬರು ಅದರ ಎಡಗೈಯನ್ನು ತಿರುಗಿಸಿ ನೋಡಿದರು. ಚೊಕ್ಕಟವಾಗಿತ್ತು. ಸಾವಿನ ದಾಖಲೆಯಲ್ಲಿ ಕಾರಣ ಬರೆಯುವ ಜಾಗದಲ್ಲಿ ನಾನು 'ತಿಳಿದಿಲ್ಲ' ಎಂದು ಬರೆದು ಸಹಿ ಮಾಡಿದೆ. ಹೊನ್ನೂರವ್ವ ಎಂಟು ದಿನಕ್ಕೆ ಕೆಲಸಕ್ಕೆ ಬಂದಳು. ಕಾರ್ಖಾನೆಯ ಬಾಗಿಲಲ್ಲಿ ಎಲ್ಲರ ಹಾಗೆ ಕೈ ಚಾಚಿದಳು. ಹೋಗವ್ವ ಎಂದೆ.

ಮರುವರ್ಷ ದೊಡ್ಡ ಪಟ್ಟಣದ ಆಸ್ಪತ್ರೆಯಿಂದ ಎಸ್ತರ್ ಎಂಬ ಡಾಕ್ಟರು ಬಂದರು. ನಮ್ಮ ಗೆರೆ ಯಾಕೆ ಮೂಡುತ್ತದೆ ಎಂದು ತಿಳಿಯುವ ಆಸೆ ಅವರಿಗೆ. ಒಂದು ವಾರ ಇದ್ದು ಅರವತ್ತು ಜನರ ರಕ್ತ ತೆಗೆದುಕೊಂಡರು. ನಾನು ಸೀಸೆಗಳಿಗೆ ಚೀಟಿ ಅಂಟಿಸಿಕೊಟ್ಟೆ. ಹೊರಡುವ ದಿನ ಅವರು ಕೇಳಿದರು: "ಗೆರೆ ಮೂಡದೆಯೇ ಕಾಯಿಲೆ ಬಿದ್ದವರು ಯಾರಾದರೂ ಇದ್ದಾರಾ, ಅಂಬುಜಾ?" ಇಲ್ಲ ಎಂದೆ. ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದ ಮಾತು ಇನ್ನೊಂದಿಲ್ಲ.

ಅದಾದ ಮೇಲೆ ಹೊನ್ನೂರವ್ವನಿಗೆ ಇನ್ನೊಂದು ಹೆಣ್ಣು ಮಗುವಾಯಿತು. ನೀಲವ್ವ ಎಂದು ಹೆಸರಿಟ್ಟರು. ಆ ಮಗುವನ್ನು ಅವಳು ದವಾಖಾನೆಯ ಹತ್ತಿರ ತರಲೇ ಇಲ್ಲ. ನಾನೂ ವಿಚಾರಿಸಲಿಲ್ಲ.

ಒಂದು ದಿನ ಶಾಲೆಯ ಗೇಟಿನಲ್ಲಿ ಹಂಪವ್ವ ಕೈ ಚಾಚಿ ನಿಂತಳು. ಆಗ ಅವಳಿಗೆ ಎಂಟು ವರ್ಷ. ಗೆರೆ ಇರಲಿಲ್ಲ, ಹೋಗು ಎಂದೆ. ಅವಳು ಹೋಗಲಿಲ್ಲ.

"ನಮ್ ತಂಗಿ ಕೈಯಾಗೂ ಗೆರಿ ಬರಂಗಿಲ್ಲ," ಎಂದಳು.

"ಒಳ್ಳೇದ ಆತಲ್ಲ ಬಿಡು."

"ಸೋಮನಂಗ ಕೆಮ್ಮತಾಳ."

ಆ ಬೆಳಿಗ್ಗೆ ಉಳಿದ ಮಕ್ಕಳ ಕೈಗಳನ್ನು ನಾನು ನೋಡಿದೆನೋ ಇಲ್ಲವೋ ನೆನಪಿಲ್ಲ. ಕಾರ್ಖಾನೆಗೆ ಹೋಗದೆ ನೇರವಾಗಿ ಅವರ ಮನೆಗೆ ನಡೆದೆ. ಗಣಿಯ ಚೂರುಕಲ್ಲು ಪೇರಿಸಿ ಕಟ್ಟಿದ ಮನೆ. ನನ್ನನ್ನು ಕಂಡದ್ದೇ ಹೊನ್ನೂರವ್ವ ಬಾಗಿಲು ಹಾಕಿಕೊಂಡಳು. ಹೊರಗೆ ಕೂತೆ. ಒಳಗೆ ಮಗು ಕೆಮ್ಮುವುದು ಕೇಳುತ್ತಿತ್ತು. ಕೆಮ್ಮಿ ಕೆಮ್ಮಿ ಅಳುವುದಕ್ಕೂ ಉಸಿರಿಲ್ಲದೆ ಸುಮ್ಮನಾಗುತ್ತಿತ್ತು. ಬಿಸಿಲು ಹೊಸ್ತಿಲಿಗೆ ಬಂದ ಮೇಲೆ ಬಾಗಿಲು ತೆರೆಯಿತು.

"ಗೆರಿ ಇಲ್ಲ. ನೋಡೀನಿ. ನೀ ಏನ್ ನೋಡಾಕ ಬಂದಿ?"

"ಮುಟ್ಟಿ ನೋಡ್ತೀನಿ," ಎಂದೆ.

ನೀಲವ್ವನ ಹಣೆಯ ಮೇಲೆ, ಎದೆಯ ಮೇಲೆ ಅಂಗೈ ಇಟ್ಟೆ. ಏಳು ತಿಂಗಳ ಮಗು ನಾಲ್ಕು ತಿಂಗಳ ಮಗುವಿನಷ್ಟಿತ್ತು. ನಾಲಿಗೆಯ ಮೇಲೆ ಅದೇ ಬಿಳಿ ಹುಣ್ಣು. ಮೈ ಸುಡುತ್ತಿತ್ತು. "ಜ್ವರ ಐತಿ," ಎಂದೆ. ಹೊನ್ನೂರವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ಊರಿನಲ್ಲಿ ಆ ಮಾತನ್ನು ಅವಳಿಗೆ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಎಸ್ತರ್ ಡಾಕ್ಟರ ಬಳಿಗೆ ಒಯ್ಯಬೇಕು ಎಂದೆ. ಆದರೆ ನಮ್ಮೂರಿನ ರೋಗಿಯನ್ನು ಪಟ್ಟಣದ ಆಸ್ಪತ್ರೆ ತೆಗೆದುಕೊಳ್ಳಬೇಕಾದರೆ ಪುರಸಭೆಯ ಚೀಟಿ ಬೇಕು, ಚೀಟಿಯಲ್ಲಿ ಗೆರೆಯ ಅಗಲ ಬರೆದಿರಬೇಕು. ಅದು ಹೊನ್ನೂರವ್ವನಿಗೂ ಗೊತ್ತಿತ್ತು. ಅವಳು ಮಗುವನ್ನು ನನ್ನ ಮಡಿಲಲ್ಲಿ ಮಲಗಿಸಿ ಅದರ ಎಡಗೈಯನ್ನು ಬಿಡಿಸಿ ಹಿಡಿದಳು.

"ನಿನ್ನ ಚೀಲದಾಗ ಲೇಖನಿ ಐತೆಲ್ಲ. ಒಂದ್ ಗೆರಿ ಎಳದ್ ಬಿಡು ಅಕ್ಕಾ. ನೀನ ಎಳದ್ರ ಯಾರ್ ಒರಸಿ ನೋಡ್ತಾರ?"

ಲೇಖನಿಯ ಮುಚ್ಚಳ ತೆಗೆದೆ. ಮಗುವಿನ ಮುಂಗೈ ನನ್ನ ಎರಡು ಬೆರಳಗಲವೂ ಇರಲಿಲ್ಲ. ಎಳೆದುಬಿಡುತ್ತಿದ್ದೆ. ಆದರೆ ಗೆರೆ ಕಂಡರೆ ಅಲ್ಲಿಯವರು ಏನು ಮಾಡುತ್ತಾರೆ ಎಂಬುದು ನನಗೆ ಗೊತ್ತಿತ್ತು. ಗೆರೆ ಇದ್ದವರಿಗೆ ಕೊಡುವ ಔಷಧ ಕೊಟ್ಟು ಹತ್ತು ದಿನಕ್ಕೆ ವಾಪಸು ಕಳಿಸುತ್ತಾರೆ. ಈ ಮಗುವಿನ ಮೈಯಲ್ಲಿ ಏನು ಇಲ್ಲವೋ ಅದನ್ನು ಯಾರೂ ಹುಡುಕುವುದಿಲ್ಲ. ಹೀಗೆಂದು ಅವಳಿಗೆ ಹೇಳಿದೆ. ಅವಳು ನಂಬಿದಳೋ ಇಲ್ಲವೋ, ಮಗುವನ್ನು ಎತ್ತಿಕೊಂಡು ನನ್ನ ಹಿಂದೆ ಬಂದಳು.

ಪುರಸಭೆಯ ಅಧ್ಯಕ್ಷ ಶಿವಶರಣಪ್ಪನವರು ಕೆಟ್ಟವರಲ್ಲ. ಗಂಟಲಮಾರಿಯಲ್ಲಿ ಬಾಗಿಲು ಹಾಕಿಸಿಕೊಂಡ ಮೂರು ಮನೆಗಳಲ್ಲಿ ಒಂದು ಅವರದು. ಆ ದಿನ ನೀರಿನ ವಿಚಾರಕ್ಕೆ ಸಭೆ ಸೇರಿತ್ತು, ಮೂವತ್ತು ನಲವತ್ತು ಜನರಿದ್ದರು. ಕರಿಸಿದ್ದನಿಗೂ ಹೇಳಿಕಳಿಸಿದ್ದೆ, ಗಣಿಯ ಧೂಳಿನಲ್ಲೇ ಬಂದು ಬಾಗಿಲಲ್ಲಿ ನಿಂತ. ನಾನು ಬರೆದ ಚೀಟಿಯನ್ನು ಅಧ್ಯಕ್ಷರು ಓದಿದರು. ಗೆರೆ ಇಲ್ಲ, ಆದರೆ ರೋಗ ಇದೆ, ಮುಟ್ಟಿ ನೋಡಿದ್ದೇನೆ ಎಂದು ಬರೆದಿದ್ದೆ.

"ಇದಕ್ಕ ನಾ ಹ್ಯಾಂಗ ಸಹಿ ಮಾಡ್ಲಿ, ಅಂಬುಜಾ? ಗೆರಿ ಇಲ್ದ ರೋಗ ಐತಿ ಅಂದ್ರ ನಾಳೆ ಊರಾಗ ಒಬ್ಬರನ್ನೊಬ್ಬರು ನಂಬತಾರೇನು? ಚೊಕ್ಕ ಕೈ ನೋಡಿ ಕೂಸಿನ್ನ ಎತ್ತಿಕೊಳ್ಳೋ ಜನ ನಾವು."

"ಐತ್ರಿ. ಇದು ಮೊದಲನೇದಲ್ಲ."

"ಅಂದ್ರ?"

ಆಗ ಹೇಳಿದೆ. ಮೇಜಿನ ಅಂಚು ಹಿಡಿದುಕೊಂಡು ಹೇಳಿದೆ. ಸೋಮಲಿಂಗನನ್ನು ಐದು ಸಲ ತಂದರು. ಐದನೆಯ ಸಲ ಅವನ ಮೈ ಸುಡುತ್ತಿತ್ತು. ನನ್ನ ಕೈಗೆ ಅದು ತಿಳಿದಿತ್ತು. ತಿಳಿದೂ ಬಿಸಿಲಿನ ಬಿಸಿ ಎಂದೆ. ಪುಸ್ತಕದಲ್ಲಿ ಜ್ವರವೆಂದು ಬರೆಯಲಿಲ್ಲ. ಸತ್ತ ಮೇಲೂ ಬರೆಯಲಿಲ್ಲ. ಡಾಕ್ಟರು ಕೇಳಿದಾಗಲೂ ಹೇಳಲಿಲ್ಲ.

ಹೊನ್ನೂರವ್ವ ನನ್ನ ಪಕ್ಕದಲ್ಲೇ ಇದ್ದಳು. ಅವಳು ನನ್ನ ಕಡೆ ತಿರುಗಿದಳು.

"ನಿಂಗ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

"ನಾ ನಿಂಗ ತಿಳೀಲಿಲ್ಲ ಅನ್ಕೊಂಡಿದ್ದೆ. ಪಾಪ, ಆಕಿ ಕಣ್ಣಿಗೆ ಕಾಣಲಿಲ್ಲ, ಆಕಿ ಏನ್ ಮಾಡ್ಯಾಳ ಅನ್ಕೊಂಡು ಇಷ್ಟ್ ದಿನ ನಿನ್ನ ಮುಂದ ಕೈ ಚಾಚೀನಿ."

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಮಗುವನ್ನು ಇನ್ನೊಂದು ಭುಜಕ್ಕೆ, ನನ್ನಿಂದ ದೂರದ ಭುಜಕ್ಕೆ, ಬದಲಾಯಿಸಿಕೊಂಡಳು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಎದ್ದು ನಿಂತಳು. ನೀರಿನ ದೂರು ಹೇಳಲು ಬಂದವಳು. "ನಂದೂ ಒಂದಿತ್ತು," ಎಂದಳು. "ಐವತ್ತು ವರ್ಷದ ಮಾತು. ಕೈ ಚೊಕ್ಕ ಇತ್ತು. ನಾನ ಏನೋ ಮಾಡೀನಿ ಅಂತ ನಮ್ಮತ್ತಿ ಸಾಯೋತನಕ ಅಂದ್ಲು." ಅವಳು ಕೂತ ಮೇಲೆ ಇನ್ನೊಬ್ಬ ಗಂಡಸು ತನ್ನ ಅಣ್ಣನ ಬಗ್ಗೆ ಅಂಥದ್ದೇ ಮಾತು ಹೇಳಿದ.

ಶಿವಶರಣಪ್ಪನವರು ಚೀಟಿಗೆ ಸಹಿ ಮಾಡಿದರು. ಮಾಡಿ, "ನಾಳಿಂದ ನೀ ಕೈ ನೋಡಾಕ ಬರಬ್ಯಾಡ," ಎಂದು ನನಗೆ ಹೇಳಿದರು. ಅದು ನ್ಯಾಯವೇ.

ಪಟ್ಟಣಕ್ಕೆ ಹಂಪವ್ವನೂ ಸೇರಿ ಐದು ಜನ ಹೋದೆವು. ನಾನು ಬರುವುದು ಹೊನ್ನೂರವ್ವನಿಗೆ ಬೇಕಿರಲಿಲ್ಲ. ಡಾಕ್ಟರ ಪರಿಚಯ ನನಗೊಬ್ಬಳಿಗೇ ಇದ್ದದ್ದರಿಂದ ಕರಿಸಿದ್ದ ಬಾ ಎಂದ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ. ಎಸ್ತರ್ ಡಾಕ್ಟರು ಮಗುವನ್ನು ಕೂಡಲೇ ಗಾಜಿನ ಕೋಣೆಗೆ ಸೇರಿಸಿಕೊಂಡರು. ಎಲ್ಲರ ರಕ್ತ ತೆಗೆದರು. ಎರಡು ವಾರದ ಮೇಲೆ ನಮ್ಮನ್ನು ಕೂರಿಸಿಕೊಂಡು ಹೇಳಿದರು.

"ನಮ್ಮ ಮೈಯ ಒಂದೊಂದು ಕಣದೊಳಗೂ ಉದ್ದವಾದ ಬರಹವೊಂದು ಸುತ್ತಿಟ್ಟಿರುತ್ತೆ. ಡಿಎನ್‌ಎ ಅಂತ. ಮೈಗೆ ಏನೇನು ಬೇಕೋ ಅದನ್ನೆಲ್ಲ ಮಾಡೋ ಕ್ರಮ ಅದರಲ್ಲಿರುತ್ತೆ. ರೋಗಾಣು ಒಳಗೆ ಬಂದಾಗ ಕಾವಲಿನ ಕಣಗಳು ಅದರ ಒಂದು ಚೂರನ್ನು ಹಿಡಿದು ಮೇಲೆತ್ತಿ ಉಳಿದ ಕಣಗಳಿಗೆ ತೋರಿಸಬೇಕು. ಆಗಲೇ ಮೈ ಹೋರಾಟಕ್ಕೆ ಏಳೋದು. ನಿಮ್ಮೂರಿನವರಿಗೆ ಗೆರೆ ಮೂಡೋದೂ ಆಗಲೇ. ನೀಲವ್ವನ ಕಣಗಳು ಆ ಚೂರನ್ನು ಎತ್ತಿ ತೋರಿಸ್ತಾ ಇಲ್ಲ."

"ಆ ಬರಹ ಆಕಿಗಿಲ್ಲೇನ್ರಿ?" ಎಂದು ಕರಿಸಿದ್ದ ಕೇಳಿದ.

"ಇದೆ. ಎತ್ತಿ ಹಿಡಿಯೋದನ್ನು ಮಾಡೋ ಸಾಲುಗಳು ಪೂರ್ತಿ ಇವೆ, ಒಂದಕ್ಷರವೂ ತಪ್ಪಿಲ್ಲ. ಆದರೆ ಸಾಲು ತಾನಾಗಿ ಓದಿಕೊಳ್ಳಲ್ಲ. ಅದರ ಆರಂಭದ ಹತ್ತಿರ ಒಂದು ಪ್ರೋಟೀನು ಬಂದು ಡಿಎನ್‌ಎಯನ್ನು ಹಿಡಿದು ಕೂರಬೇಕು. ಅದು ಕೂತರೆ ಓದು ಶುರು, ಇಲ್ಲದಿದ್ದರೆ ಇಲ್ಲ. ಅದಕ್ಕೆ ಆರ್‌ಎಫ್‌ಎಕ್ಸ್ ಐದು ಅಂತ ಹೆಸರು. ಈ ಮಗುವಿನಲ್ಲಿ ಆ ಪ್ರೋಟೀನೇ ಸರಿಯಾಗಿ ತಯಾರಾಗ್ತಿಲ್ಲ."

"ನನ್ನ ಹಾಲಿಂದೇನ್ರಿ?" ಎಂದು ಹೊನ್ನೂರವ್ವ ಕೇಳಿದಳು.

"ಅಲ್ಲಮ್ಮ. ನಿಮ್ಮಿಬ್ಬರಲ್ಲೂ ಆ ಪ್ರೋಟೀನನ್ನು ಮಾಡೋ ಬೇರೆ ಸಾಲಿನ ಎರಡೆರಡು ಪ್ರತಿ ಇವೆ. ಒಂದು ಸರಿ, ಒಂದು ತಪ್ಪು. ಒಂದು ಸರಿ ಇದ್ದರೆ ಸಾಕು, ಅದಕ್ಕೇ ನಿಮಗೆ ಏನೂ ಆಗಿಲ್ಲ. ನೀವಿಬ್ಬರೂ ಒಂದೇ ಮನೆತನದವರು, ಒಂದೇ ತಪ್ಪು ಇಬ್ಬರಲ್ಲೂ ಇದೆ. ಇವಳಿಗೆ ಎರಡೂ ಕಡೆಯಿಂದ ತಪ್ಪಿನ ಪ್ರತಿಯೇ ಬಂತು. ಯಾರೂ ಆರಿಸಿ ಕೊಟ್ಟದ್ದಲ್ಲ."

"ಸೋಮಂಗೂ?"

ಡಾಕ್ಟರು ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡರು. "ಅವನ ರಕ್ತ ನಾನು ನೋಡಿಲ್ಲ. ನೀವು ಹೇಳಿದ್ದು ಕೇಳಿದರೆ, ಇದೇ ಇರಬೇಕು," ಎಂದರು. ಹೊನ್ನೂರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗ ಸತ್ತ ದಿನ ನಾನು ಅವಳ ಮನೆಗೆ ಹೋಗಿದ್ದೆ, ಅವಳು ಅತ್ತಿರಲಿಲ್ಲ. ಈಗ ಅತ್ತಳು.

ಒಂದೇ ದಾರಿ ಇತ್ತು. ಸರಿಯಾದ ಪ್ರತಿ ಇರುವವರ ಎಲುಬಿನ ಮಜ್ಜೆಯನ್ನು ನೀಲವ್ವನಿಗೆ ಕೊಡಬೇಕು, ಅದರಿಂದ ಹೊಸ ಕಾವಲಿನ ಕಣಗಳು ಹುಟ್ಟಬೇಕು. ಹಂಪವ್ವನದು ಹೊಂದಿತು. ಹೀಗೆ ಮಜ್ಜೆ ಪಡೆದ ಇಬ್ಬರು ರೋಗಿ ಮಕ್ಕಳಲ್ಲಿ ಒಬ್ಬರು ಉಳಿಯುವ ಲೆಕ್ಕ ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಕರಿಸಿದ್ದ ಎದ್ದು ನಿಂತ. "ಇರೋ ಒಂದು ಗಟ್ಟಿ ಕೂಸಿನ ಎಲುಬಿಗೂ ಸೂಜಿ ಹಾಕಂಗಿಲ್ಲ," ಎಂದು ಹೊರಗೆ ಹೋದ. ಆಸ್ಪತ್ರೆಯ ಮುಂದಿನ ಬೇವಿನ ಮರದ ಕೆಳಗೆ ಅವನು ದಿನವಿಡೀ ಕೂತಿದ್ದ. ಸಂಜೆ ಹಂಪವ್ವ ಹೋಗಿ ಅವನ ಪಕ್ಕದಲ್ಲಿ ಕೂತಳು. ಅವರು ಏನು ಮಾತಾಡಿದರೋ ತಿಳಿಯದು. ಬರುವಾಗ ಅವನು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ, ಆ ವಯಸ್ಸಿನ ಹುಡುಗಿಯನ್ನು. ಒಳಗೆ ಬಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ.

ನಾನು ಮರುದಿನ ಊರಿಗೆ ಮರಳಿದೆ. ಅಲ್ಲಿ ನನ್ನಿಂದ ಆಗುವುದು ಇನ್ನೇನೂ ಇರಲಿಲ್ಲ. ಹೊನ್ನೂರವ್ವನಿಗೆ ಹೇಳಿ ಹೊರಟೆ. ಅವಳು ಗಾಜಿನ ಆ ಕಡೆ ನೋಡುತ್ತಿದ್ದಳು, ತಿರುಗಲಿಲ್ಲ. ಸ್ಲೇಟು ಕಾರ್ಖಾನೆಯಲ್ಲಿ ಚೌಕಟ್ಟಿನ ಮರ ಉಜ್ಜುವ ಕೆಲಸಕ್ಕೆ ಸೇರಿಕೊಂಡೆ. ಕೆಲವರು ನನ್ನ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಕೆಲವರು, ಹೆಚ್ಚಾಗಿ ಮುದುಕಿಯರು, ಸಂಜೆ ಮನೆಗೆ ಬಂದು ತಮ್ಮ ಸತ್ತ ಮಕ್ಕಳ ಹೆಸರು ಹೇಳಿ ಹೋಗುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿದ್ದೆ. ಹೆಸರು, ಎಷ್ಟು ತಿಂಗಳು, ಹೇಗಿತ್ತು ಎಂದು ಬರೆದು ಎಸ್ತರ್ ಡಾಕ್ಟರಿಗೆ ಕಳಿಸುತ್ತಿದ್ದೆ. ಒಂಬತ್ತು ಹೆಸರುಗಳಾದವು.

ಒಂದು ತಿಂಗಳಿಗೆ ಹಂಪವ್ವ ಅಪ್ಪನ ಜೊತೆ ಊರಿಗೆ ಬಂದಳು. ಸೊಂಟದ ಎರಡೂ ಕಡೆ ಸೂಜಿ ಹಾಕಿದ ಗುರುತನ್ನು ಶಾಲೆಯ ಹುಡುಗಿಯರಿಗೆ ತೋರಿಸಿದಳಂತೆ. ಹೊನ್ನೂರವ್ವ ಆರು ತಿಂಗಳು ಅಲ್ಲೇ ಇದ್ದಳು. ಮೂರನೆಯ ತಿಂಗಳಲ್ಲಿ ಮಗುವಿನ ಶ್ವಾಸಕೋಶಕ್ಕೆ ಸೋಂಕು ತಗುಲಿತು, ಕರಿಸಿದ್ದನಿಗೆ ಬರಬೇಕೆಂದು ತಂತಿ ಬಂತು. ಅವನು ಹೋದ ಮೇಲೆ ಹನ್ನೆರಡು ದಿನ ಸುದ್ದಿಯಿಲ್ಲ. ಹದಿಮೂರನೆಯ ದಿನ ಎಸ್ತರ್ ಡಾಕ್ಟರಿಂದ ಒಂದು ಸಾಲಿನ ಕಾಗದ ಬಂತು. ಉಸಿರಾಟ ಸಲೀಸಾಗಿದೆ ಎಂದಿತ್ತು.

ನೀಲವ್ವ ಬದುಕಿದಳು. ತೀರ ಸಣ್ಣ ಮಗು, ಈಗಲೂ ಅಷ್ಟೇ. ಮರುವರ್ಷದ ಚಳಿಗಾಲದಲ್ಲಿ ಅವಳಿಗೆ ನೆಗಡಿಯಾಗಿ ಕೈಯಲ್ಲಿ ಗೆರೆ ಮೂಡಿತು. ಹೊನ್ನೂರವ್ವ ಅವಳನ್ನೆತ್ತಿಕೊಂಡು ಬೀದಿಯ ಮನೆಮನೆಗೆ ಹೋಗಿ ತೋರಿಸಿದಳು. ನನ್ನ ಮನೆಯ ಮುಂದೆ ನಿಲ್ಲದೆ ಮುಂದಿನ ಮನೆಗೆ ಹೋದಳು. ನಾನು ಕಿಟಕಿಯಿಂದ ನೋಡಿದೆ. ಗೆರೆ ಇಲ್ಲದವರನ್ನು ಮುಟ್ಟಿಯೂ ನೋಡತಕ್ಕದ್ದು, ಜ್ವರದ ಕಡ್ಡಿ ಇಡತಕ್ಕದ್ದು ಎಂದು ಅಷ್ಟರಲ್ಲಿ ದವಾಖಾನೆಯ ಗೋಡೆಯ ಮೇಲೆ ಬರೆಸಿದ್ದರು. ಆ ಕೆಲಸಕ್ಕೆ ಬೇರೆ ಹುಡುಗಿ ಬಂದಿದ್ದಳು.

ಕಾರ್ಖಾನೆಯಲ್ಲಿ ಹೊನ್ನೂರವ್ವನ ಮೇಜು ನನ್ನ ಮೇಜಿನ ಮುಂದೆಯೇ ಇತ್ತು. ನಾನು ಉಜ್ಜಿದ ಚೌಕಟ್ಟು ಅವಳ ಕೈಗೆ ಹೋಗುತ್ತಿತ್ತು, ಅವಳು ತೂತು ಕೊರೆಯುತ್ತಿದ್ದಳು. ಎರಡು ವರ್ಷ ಹಾಗೆ ನಡೆಯಿತು. ಒಂದು ಮಾತಿಲ್ಲ. ನಾನೂ ಮಾತಾಡಿಸಲಿಲ್ಲ. ಕ್ಷಮೆ ಕೇಳಿದರೆ ಅವಳ ಮೇಲೆ ಇನ್ನೊಂದು ಭಾರ ಹೊರಿಸಿದಂತೆ ಎನಿಸುತ್ತಿತ್ತು.

ಕಾರ್ಖಾನೆಗೆ ರಜೆಯಿದ್ದ ಒಂದು ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಹೊನ್ನೂರವ್ವ ನಿಂತಿದ್ದಳು. ಜೊತೆಗೆ ಇಪ್ಪತ್ತು ವರ್ಷದ ತಾಯಿಯೊಬ್ಬಳು, ಸೀರೆಯಲ್ಲಿ ಸುತ್ತಿದ ಕೂಸು. ಹೊನ್ನೂರವ್ವ ನನ್ನನ್ನು ನೋಡದೆ ಆ ಹುಡುಗಿಗೆ ಹೇಳಿದಳು: "ಕೂಸಿನ್ನ ಆಕಿ ಕೈಗೆ ಕೊಡು."

ಹುಡುಗಿ ಹಿಂಜರಿದಳು. ಅವಳ ಕೆನ್ನೆಯ ಮೇಲೆ ಕಣ್ಣೀರು ಒಣಗಿತ್ತು. "ಆರ್ ತಿಂಗಳಾತು, ಗೆರಿನ ಬಂದಿಲ್ರಿ. ನಿನ್ನೆಯಿಂದ ಹಾಲು ಕಕ್ಕತೈತಿ," ಎಂದಳು.

"ಮುಟ್ಟಿ ನೋಡು," ಎಂದಳು ಹೊನ್ನೂರವ್ವ. ಈ ಸಲ ನನಗೆ. "ಏನೈತೋ ಅದನ್ನ ಹೇಳು."

ಕೂಸನ್ನು ತೆಗೆದುಕೊಂಡು ನಡುಮನೆಯ ಚಾಪೆಯ ಮೇಲೆ ಕೂತೆ. ಬಟ್ಟೆ ಬಿಡಿಸಿದೆ. ಹಣೆ ಮುಟ್ಟಿದೆ, ಕುತ್ತಿಗೆ, ಕಂಕುಳು, ಎದೆ. ಬಾಯಿ ತೆರೆಸಿ ನಾಲಿಗೆ ನೋಡಿದೆ. ತೊಡೆಯಲ್ಲಿ ಮಾಂಸ ತುಂಬಿತ್ತು. ಅದು ನನ್ನ ಬೆರಳು ಹಿಡಿದು ಎಳೆಯಿತು. ಅವಸರ ಮಾಡಲಿಲ್ಲ. ಇನ್ನೊಮ್ಮೆ ಹಣೆಯ ಮೇಲೆ ಅಂಗೈ ಇಟ್ಟು ಮನಸ್ಸಿನಲ್ಲೇ ನೂರು ಎಣಿಸಿದೆ.

"ಜ್ವರ ಇಲ್ಲ," ಎಂದೆ. "ನಾಲಿಗಿ ಚೊಕ್ಕ ಐತಿ. ಹಾಲು ಹೆಚ್ಚಾಗಿ ಕಕ್ಕೈತಿ. ಆದ್ರೂ ರಕ್ತ ನೋಡಸ್ರಿ, ಎಸ್ತರ್ ಡಾಕ್ಟರಿಗೆ ಚೀಟಿ ನಾ ಬರಕೊಡ್ತೀನಿ."

ಹುಡುಗಿ ಹೊನ್ನೂರವ್ವನ ಮುಖ ನೋಡಿದಳು. ನನ್ನ ಮಾತನ್ನು ನಂಬಬೇಕೋ ಬೇಡವೋ ಎಂಬುದು ಅಲ್ಲಿಂದ ಬರಬೇಕಾಗಿತ್ತು. ಹೊನ್ನೂರವ್ವ ಚಾಪೆಯ ಮೇಲೆ ಬಂದು ನನ್ನ ಎದುರಿಗೆ ಕೂತಳು. ನನ್ನ ಅಂಗೈಯನ್ನು ಸರಿಸಿ, ಅದೇ ಜಾಗದಲ್ಲಿ ತನ್ನ ಅಂಗೈ ಇಟ್ಟಳು. ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಹಾಗೇ ಇದ್ದಳು. ಕೂಸು ಕೆಳಗಿನಿಂದ ಅವಳ ಗಲ್ಲವನ್ನು ನೋಡುತ್ತಿತ್ತು.

"ಹೌದು," ಎಂದಳು. "ಜ್ವರ ಇಲ್ಲ."